ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಮಳೆ ಹಿಂದೆ ಸರಿದು ರಸ್ತೆ ಒಣಗುತ್ತಿದ್ದ ಹಾಗೆ ಮೈಲೇಜ್ ಬಗ್ಗೆ ಪತ್ರಗಳು ಬರಲು ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ. ಅದಕ್ಕೂ ಮೊದಲು ಎಲ್ಲರಿಗೂ ಸೇರಿಸಿ ಒಂದು ಮಾತು. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಅಂಕಿ ಒಂದು ಅಂದಾಜು ಮಾತ್ರ, ಅದನ್ನೇ ನಂಬಿ ಕೂರಬೇಡಿ. ಬಂಕಿನಲ್ಲಿ ಗನ್ ಮೊದಲ ಸಲ ತಾನಾಗಿ ಕಟ್ ಆದ ಕೂಡಲೇ ಸಾಕು ಎನ್ನಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 300 ಕಿ.ಮೀ. ದಾಟಿದ ಮೇಲೆ ಅದೇ ಬಂಕಿಗೆ, ಸಾಧ್ಯವಾದರೆ ಅದೇ ಪಂಪಿಗೆ ಹೋಗಿ ಮತ್ತೆ ಮೊದಲ ಕಟ್ ತನಕ ತುಂಬಿಸಿ. 340 ಕಿ.ಮೀ. ಓಡಿದ ಗಾಡಿ 21.5 ಲೀಟರ್ ಹಿಡಿಯಿತೆಂದರೆ ಲೀಟರಿಗೆ 15.8 ಬಂತು. ಮೂರು ಸಲ ಹೀಗೆ ಬರೆದಿಟ್ಟುಕೊಂಡರೆ ನಿಮ್ಮ ಗಾಡಿಯ ನಿಜವಾದ ಮೈಲೇಜ್ ಗೊತ್ತಾಗುತ್ತದೆ.

ನಾನು ಕುಮಟಾದವಳು, ಶಿರಸಿಯಲ್ಲಿ ಶಿಕ್ಷಕಿ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಇಳಿಯುತ್ತೇನೆ. ಒಂದು ಲೀಟರ್ ಎಂಜಿನ್ನಿನ ಕಾರು. ಹತ್ತುವಾಗ ಸುಮಾರು 15, ಇಳಿಯುವಾಗ 22 ಸಿಗುತ್ತದೆ. ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ 25 ದಾಟುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ. ಹೌದೇ?
— ಓದುಗರು, ಕುಮಟಾ

ದಯವಿಟ್ಟು ಭಾವನವರ ಮಾತು ಕೇಳಬೇಡಿ. ಅದು ಕಾರ್ಬ್ಯುರೇಟರ್ ಕಾಲದ ಲೆಕ್ಕ. ಆಗಲೂ ಅದು ಅಪಾಯದ ಲೆಕ್ಕವೇ ಆಗಿತ್ತು, ಈಗ ಲಾಭವೂ ಇಲ್ಲ.

ನಿಮ್ಮ ಕಾರಿನಲ್ಲಿರುವುದು ಫ್ಯೂಯೆಲ್ ಇಂಜೆಕ್ಷನ್. ಗಾಡಿ ಗೇರಿನಲ್ಲಿದ್ದು, ಎಕ್ಸಲೇಟರ್ ಮೇಲಿನ ಕಾಲನ್ನು ಪೂರ್ತಿ ತೆಗೆದಿರಿ ಎನ್ನಿ. ಆಗ ಎಂಜಿನ್ನನ್ನು ತಿರುಗಿಸುವುದು ಚಕ್ರಗಳು. ಇದನ್ನು ಗಮನಿಸಿದ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಾವಿರದ ಚಿಲ್ಲರೆಗೆ ಇಳಿಯುವ ತನಕ ಒಂದು ಹನಿಯೂ ಒಳಗೆ ಹೋಗುವುದಿಲ್ಲ. ನ್ಯೂಟ್ರಲ್‌ಗೆ ಹಾಕಿದಿರೋ, ಚಕ್ರಕ್ಕೂ ಎಂಜಿನ್ನಿಗೂ ಇದ್ದ ನಂಟು ಕಡಿಯಿತು. ಎಂಜಿನ್ ಆರಿಹೋಗಬಾರದೆಂದರೆ ಪೆಟ್ರೋಲ್ ಬೇಕೇ ಬೇಕು. ಇಷ್ಟು ಸಣ್ಣ ಎಂಜಿನ್ ನಿಂತಲ್ಲೇ ಓಡಲು ಗಂಟೆಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಕುಡಿಯುತ್ತದೆ. ಇಪ್ಪತ್ತು ನಿಮಿಷದ ಇಳಿಜಾರಿಗೆ ಸುಮಾರು 200 ಮಿ.ಲೀ. ಆಯಿತು. ಗೇರಿನಲ್ಲಿ ಕಾಲೆತ್ತಿ ಇಳಿದಿದ್ದರೆ ಅದರ ಬಹುಪಾಲು ಟ್ಯಾಂಕಿನಲ್ಲೇ ಉಳಿಯುತ್ತಿತ್ತು.

ಸಪಾಟು ರಸ್ತೆಯ ಸಣ್ಣ ಇಳುಕಲಿನಲ್ಲಿ ನ್ಯೂಟ್ರಲ್ ಗಾಡಿ ಸ್ವಲ್ಪ ದೂರ ಹೆಚ್ಚು ಉರುಳುವುದು ನಿಜ. ಆದರೆ ಘಟ್ಟದಲ್ಲಿ ನಮಗೆ ಬೇಕಾಗಿರುವುದು ಉರುಳುವುದಲ್ಲ, ತಡೆಯುವುದು. ಎಂಜಿನ್ ತಡೆಯದಿದ್ದರೆ ಆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇಬ್ಬರು ಕೂತ ಸಣ್ಣ ಕಾರೆಂದರೆ ಸುಮಾರು ಒಂದು ಟನ್. ಅದು 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಗಾಳಿ ಮತ್ತು ಟೈರು ತಿನ್ನುವ ಪಾಲು ಕಳೆದರೂ, ಹತ್ತು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಾಖ ಉಳಿಯುತ್ತದೆ. ಅರ್ಧ ಕೊಡಕ್ಕಿಂತ ಹೆಚ್ಚು ನೀರು! ಅಷ್ಟೂ ಬಿಸಿ ನಿಮ್ಮ ಅಂಗೈ ಅಗಲದ ಬ್ರೇಕ್ ಪ್ಯಾಡುಗಳ ಬಳಿ ಹುಟ್ಟಬೇಕು. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ, ಬೇಗ ಕುದಿಯುತ್ತದೆ. ಕುದಿದರೆ ಪೆಡಲ್ ಮೆತ್ತಗೆ ನೆಲದ ತನಕ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲೇಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನು ಕೆಲವರು ಕೀಲಿಯನ್ನೇ ಆರಿಸಿ ಇಳಿಯುತ್ತಾರೆ. ಎಂಜಿನ್ ನಿಂತ ಮೇಲೆ, ಪೆಡಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟೇ ಸಹಾಯ ಮಾಡುತ್ತದೆ. ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ. ಕೀಲಿ ಹೊರಗೆ ಬಂದರೆ ಸ್ಟೇರಿಂಗ್ ಲಾಕ್ ಆಗಬಹುದು, ಅದೂ ತಿರುವಿನಲ್ಲಿ. ಇದನ್ನು ಮಾಡುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಈ ಸಾಲುಗಳನ್ನು ಓದಿ ಹೇಳಿ.

ಹತ್ತುವಾಗ 15 ಬರುವುದರಲ್ಲಿ ದೋಷವೇನೂ ಇಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಒಂದು ಟನ್ ಭಾರವನ್ನು ಅಷ್ಟೆತ್ತರಕ್ಕೆ ಎತ್ತಲು, ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆಂಬ ಲೆಕ್ಕದಲ್ಲಿ, ಮುಕ್ಕಾಲು ಲೀಟರಿನಷ್ಟು ಹೆಚ್ಚುವರಿ ಪೆಟ್ರೋಲ್ ಬೇಕು. ಸಪಾಟು ದಾರಿಯಲ್ಲಿ 60 ಕಿ.ಮೀ.ಗೆ ಮೂರು ಲೀಟರ್ ಸಾಕಾಗುವ ಗಾಡಿ ಇಲ್ಲಿ ಮೂರೂಮುಕ್ಕಾಲು ಕೇಳುತ್ತದೆ, ಲೀಟರಿಗೆ 16ರ ಆಸುಪಾಸು. ಇಳಿಯುವಾಗ ಅಷ್ಟೂ ಮರಳಿ ಸಿಗುವುದಿಲ್ಲ. ಬ್ರೇಕಿನಲ್ಲಿ ಬಿಸಿಯಾಗಿ ಹೋದದ್ದು ಹೋಯಿತು. ನಿಮ್ಮ 15 ಮತ್ತು 22 ಆರೋಗ್ಯವಂತ ಗಾಡಿಯ ಅಂಕಿಗಳು. ಹತ್ತುವಾಗ ನಾಲ್ಕನೇ ಗೇರಿನಲ್ಲಿ ಎಂಜಿನ್ ನಡುಗಿ ಏದುಸಿರು ಬಿಟ್ಟರೆ ತಡಮಾಡದೆ ಮೂರಕ್ಕೆ ಬನ್ನಿ. ಪೆಟ್ರೋಲ್ ಉಳಿಸಲೆಂದು ಮೇಲಿನ ಗೇರಿನಲ್ಲೇ ಎಕ್ಸಲೇಟರ್ ಪೂರ್ತಿ ಒತ್ತಿ ಎಳೆಸಿದರೆ ಉಳಿತಾಯವೂ ಆಗುವುದಿಲ್ಲ, ಎಂಜಿನ್ನಿಗೂ ಪೆಟ್ಟು. ಇಳಿಯುವಾಗ, ಯಾವ ತಿರುವನ್ನು ಯಾವ ಗೇರಿನಲ್ಲಿ ಹತ್ತಿದಿರೋ ಅದನ್ನು ಅದೇ ಗೇರಿನಲ್ಲಿ ಇಳಿಯಿರಿ.

ನನ್ನದು 2014ರ ಕಾರು. ಮಳೆಗಾಲಕ್ಕೆ ಮುಂಚೆ ಲೀಟರಿಗೆ 17 ಕೊಡುತ್ತಿತ್ತು, ಈಗ 13. ಎಥನಾಲ್ ಬೆರೆಸಿದ್ದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಮನೆ ಕೋಡಿಬಾಗದಲ್ಲಿ. ಜುಲೈ, ಆಗಸ್ಟಿನಲ್ಲಿ ಗಾಡಿ ಹೆಚ್ಚು ಹೊರಗೆ ತೆಗೆಯಲಿಲ್ಲ.
— ಓದುಗರು, ಕಾರವಾರ

ಎಥನಾಲ್ ಪಾಲು ಇದೆ, ಆದರೆ ಅಷ್ಟೊಂದಿಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಶೇ. 20 ಬೆರಕೆಯಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6–7ರಷ್ಟು ಕಡಿಮೆ ಶಕ್ತಿ. ಮೊದಲಿದ್ದ ಶೇ. 10 ಬೆರಕೆಗೆ ಹೋಲಿಸಿದರೆ ವ್ಯತ್ಯಾಸ ಶೇ. 3.5ರಷ್ಟು. ಅಂದರೆ 17 ಇದ್ದದ್ದು 16.4 ಆಗಬಹುದು. 13ಕ್ಕೆ ಇಳಿಯಲು ಬೇರೆ ಏನೋ ಇದೆ. ಟೈರಿನ ಗಾಳಿ ಐದಾರು ಪಾಯಿಂಟ್ ಇಳಿದಿದ್ದರೂ ಹೋಗುವುದು ಶೇ. ಒಂದೆರಡು ಮಾತ್ರ. (ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿದ್ದಷ್ಟು ಹಾಕಿಸಿ.)

ಕಡಲ ಪಕ್ಕದ ಕೋಡಿಬಾಗ, ಮಳೆಗಾಲ, ನಿಂತ ಗಾಡಿ ಎಂದ ಕೂಡಲೇ ನನ್ನ ಅನುಮಾನ ಹೋಗುವುದು ಬ್ರೇಕಿನ ಕಡೆ. ನಿಮ್ಮಂಥದೇ ಒಂದು ಕಾರು ಹಿಂದೊಮ್ಮೆ ನನ್ನ ಗ್ಯಾರೇಜಿಗೆ ಬಂದಿತ್ತು. ಪ್ಲಗ್ ಬದಲಿಸಿ ಆಗಿತ್ತು, ಫಿಲ್ಟರ್ ಬದಲಿಸಿ ಆಗಿತ್ತು, ಇಂಜೆಕ್ಟರ್ ಕ್ಲೀನ್ ಮಾಡಿಸಿ ಸಾವಿರಾರು ರೂಪಾಯಿ ಖರ್ಚೂ ಆಗಿತ್ತು. ನಾನು ಅದನ್ನು ಜಾಕ್ ಮೇಲೆ ಎತ್ತಿ ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿದೆ. ಮೂರು ಚಕ್ರ ಸರಾಗವಾಗಿ ತಿರುಗಿದವು. ಎಡಗಡೆ ಮುಂದಿನದು ಕಾಲು ಸುತ್ತು ಹೋಗಿ ಗಸಕ್ಕನೆ ನಿಂತಿತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ನೋಡಿದರೆ, ಅದು ಸರಿದಾಡಬೇಕಾದ ಪಿನ್ನಿನ ರಬ್ಬರ್ ಹರಿದು, ಒಳಗೆ ಉಪ್ಪುಗಾಳಿಯ ತುಕ್ಕು ಕೆಂಪು ಅಂಟಿನ ಹಾಗೆ ಕಟ್ಟಿಕೊಂಡಿತ್ತು. ಪೆಡಲ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ. ಆ ಯಜಮಾನರು ತಿಂಗಳುಗಟ್ಟಲೆ ಅರ್ಧ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ್ದರು. ಪಿನ್ ಉಜ್ಜಿ, ಹೊಸ ರಬ್ಬರ್ ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಸವರಿದ್ದಷ್ಟೇ ಕೆಲಸ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ, ಹಚ್ಚಲು ಬಿಡಬೇಡಿ.

ನೀವೇ ನೋಡಿಕೊಳ್ಳುವುದಾದರೆ: ಹತ್ತು ಹದಿನೈದು ಕಿ.ಮೀ. ಆದಷ್ಟು ಬ್ರೇಕ್ ಒತ್ತದೆ ಓಡಿಸಿ, ಗಾಡಿ ತಾನಾಗಿ ನಿಲ್ಲುವಂತೆ ಬಿಡಿ. ಇಳಿದು ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ಒಂದೇ ಒಂದು ಚಕ್ರ ಉಳಿದವುಗಳಿಗಿಂತ ಝಳ ಹೊಡೆಯುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳನ್ನೂ ಬಿಚ್ಚಿಸಿ ನೋಡಿ. ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಕೇಬಲ್ಲೂ ತುಕ್ಕು ಹಿಡಿದು ಪೂರ್ತಿ ಹಿಂದೆ ಸರಿಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಸಪಾಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಸಡಿಲ ಇರಲಿ. ವಾರಕ್ಕೊಮ್ಮೆ ಐದಾರು ಕಿ.ಮೀ. ಓಡಿಸಿ ತನ್ನಿ.

ಮನೆ ಬನವಾಸಿ ರಸ್ತೆಯಲ್ಲಿ, ಅಂಗಡಿ ಐದು ರಸ್ತೆಯ ಹತ್ತಿರ. ದಿನಕ್ಕೆ ನಾಲ್ಕು ಸಲ ಎರಡೆರಡು ಕಿ.ಮೀ. ಅಷ್ಟೇ ಓಡಾಟ. ಕಂಪನಿ 24 ಎಂದಿತ್ತು, ನನಗೆ 11 ಸಿಗುತ್ತಿದೆ.
— ಓದುಗರು, ಶಿರಸಿ

ಆ 24 ಬಂದದ್ದು ಪ್ರಯೋಗಾಲಯದ ಉರುಳೆಗಳ ಮೇಲೆ, ಎ.ಸಿ. ಇಲ್ಲದೆ, 90 ಕಿ.ಮೀ. ವೇಗ ಮೀರದೆ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಅದು ಸರಿ. ನಿಮ್ಮ ಓಡಾಟಕ್ಕೆ ಅದನ್ನು ಅಳತೆಗೋಲು ಮಾಡಬೇಡಿ. ತಣ್ಣಗಿರುವ ಎಂಜಿನ್ನಿಗೆ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎರಡು ಕಿ.ಮೀ.ಯಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ನೀವು ಅಂಗಡಿ ಮುಂದೆ ಇಳಿದಿರುತ್ತೀರಿ. ನಿಮ್ಮ ಓಡಾಟಕ್ಕೆ 13 ಬಂದರೆ ಒಳ್ಳೆಯದೇ. ಮಧ್ಯಾಹ್ನದ ಊಟಕ್ಕೆ ಒಮ್ಮೆ ಡಬ್ಬಿ ಒಯ್ದರೆ ದಿನದ ಪೆಟ್ರೋಲ್ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇರೆ ಯಾವ ಉಪಾಯವೂ ಇಷ್ಟು ಉಳಿಸಲಾರದು.

ಒಂದನ್ನು ಮಾತ್ರ ಪರೀಕ್ಷಿಸಿ. ಗಾಡಿ ಹೀಟ್ ಆಗುತ್ತದೆ ಎಂದು ಹೇಳಿ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕುವ ಅಭ್ಯಾಸ ನಮ್ಮ ಕಸುಬಿನಲ್ಲಿ ಹಿಂದಿನಿಂದ ಇದೆ. ಅದು ಎಂಜಿನ್ ನೀರು 80–90 ಡಿಗ್ರಿ ಮುಟ್ಟುವ ತನಕ ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು. ಬಾಗಿಲೇ ಇಲ್ಲದಿದ್ದರೆ ಎಂಜಿನ್ ಬಿಸಿಯಾಗುವುದೇ ಇಲ್ಲ, ಶಿರಸಿಯ ಡಿಸೆಂಬರ್ ಬೆಳಗಿನಲ್ಲಂತೂ ಕೇಳಲೇಬೇಡಿ. ಬೆಳಿಗ್ಗೆ ಗಾಡಿ ಶುರು ಮಾಡಿ ರೇಡಿಯೇಟರಿನ ಮೇಲಿನ ಪೈಪನ್ನು ಮುಟ್ಟಿ ನೋಡಿ, ಫ್ಯಾನಿನಿಂದ ಕೈ ದೂರ ಇರಲಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ವಾಲ್ವ್ ಕೆಲಸ ಮಾಡುತ್ತಿದೆ. ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಎಂದು ತೋರಿಸುವ ನೀಲಿ ದೀಪ ಇರುವ ಕಾರಾದರೆ ಅದು ಎಷ್ಟು ದೂರಕ್ಕೆ ಆರುತ್ತದೆ ಎಂಬುದೂ ಸುಳಿವು ಕೊಡುತ್ತದೆ. ಬಿಸಿ ಮಾಡಲೆಂದು ಮನೆಮುಂದೆ ಐದು ನಿಮಿಷ ಗುರ್ರೆನ್ನಿಸುವುದು ಬೇಡ. ಅರ್ಧ ನಿಮಿಷ ಬಿಟ್ಟು ಹಗುರಾಗಿ ಹೊರಡಿ, ಓಡುತ್ತಲೇ ಬೇಗ ಬಿಸಿಯಾಗುತ್ತದೆ.

ಗೋವಾದಲ್ಲಿ ಪೆಟ್ರೋಲ್ ಅಗ್ಗ ಎಂದು ಪೋಳೆಂ ತನಕ ಹೋಗಿ ತುಂಬಿಸಿ ಬರುತ್ತೇವೆ. ಲಾಭವೇ? ಬೆಳಿಗ್ಗೆ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಸಿಗುತ್ತದೆಯೇ?
— ಓದುಗರು, ಕಾರವಾರ

ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ತುಂಬಿಸಿ, ಲಾಭವೇ. ಅದಕ್ಕೆಂದೇ ಹೋಗುವುದಾದರೆ ಲೆಕ್ಕ ಹಾಕಿ. ಲೀಟರಿಗೆ 6 ರೂಪಾಯಿ ವ್ಯತ್ಯಾಸ, 30 ಲೀಟರ್ ತುಂಬಿಸಿದಿರಿ ಎಂದುಕೊಳ್ಳೋಣ: ಉಳಿದದ್ದು 180. ಹೋಗಿಬರುವ ದಾರಿ 28 ಕಿ.ಮೀ., ಲೀಟರಿಗೆ 16ರಂತೆ ಒಂದೂಮುಕ್ಕಾಲು ಲೀಟರ್, ನೂರರ ದರದಲ್ಲಿ 175 ರೂಪಾಯಿ. ಕೈಗೆ ಬಂದದ್ದು ಐದು.

ಬೆಳಗಿನ ತಂಪಿನ ಮಾತು ಬಿಟ್ಟುಬಿಡಿ. ಪೆಟ್ರೋಲ್ ಹತ್ತು ಡಿಗ್ರಿಗೆ ಶೇ. 1ರಷ್ಟು ಹಿಗ್ಗುವುದು ನಿಜವಾದರೂ ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ. ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೆಚ್ಚುಕಡಿಮೆ ಒಂದೇ ಉಷ್ಣತೆ.

ಚತುಷ್ಪಥದಲ್ಲಿ 80ರಲ್ಲಿ ಹೋಗಬೇಕೋ 100ರಲ್ಲೋ? ಎ.ಸಿ. ಹಾಕುವುದೋ, ಕಿಟಕಿ ತೆರೆಯುವುದೋ?
— ಓದುಗರು, ಅಂಕೋಲಾ

80. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಅದು ಶೇ. 56ರಷ್ಟು ಹೆಚ್ಚು. 90 ಕಿ.ಮೀ. ದಾರಿಯಲ್ಲಿ ಇದರಿಂದ ಉಳಿಯುವುದು 13 ನಿಮಿಷ, ಅದೂ ಎಲ್ಲೂ ನಿಧಾನ ಮಾಡದೆ ಹೋದರೆ. ನಮ್ಮ ಹೆದ್ದಾರಿಯಲ್ಲಿ ದನ ಅಡ್ಡ ಬರುತ್ತದೆ, ಪ್ರತಿ ಊರಿಗೂ ಕೂಡುರಸ್ತೆ ಇದೆ. 100ರಿಂದ ಬ್ರೇಕ್ ಒತ್ತಿ ಮತ್ತೆ 100ಕ್ಕೆ ಏರಿಸುವ ಪ್ರತಿ ಸಲವೂ ಪೆಟ್ರೋಲ್ ಸುಡುತ್ತದೆ. ಎದುರಿನ ಗಾಡಿ ನಿಧಾನಿಸುವುದು ಕಂಡ ಕೂಡಲೇ ಕಾಲೆತ್ತುವುದನ್ನು ರೂಢಿಸಿಕೊಳ್ಳಿ. ಮಾಡಿನ ಮೇಲಿನ ಖಾಲಿ ಕ್ಯಾರಿಯರ್ ಬಿಚ್ಚಿಡಿ.

ಪೇಟೆಯೊಳಗೆ ಕಿಟಕಿ ತೆರೆದುಕೊಳ್ಳಿ. 60–70 ದಾಟಿದ ಮೇಲೆ ತೆರೆದ ಕಿಟಕಿಯೂ ಗಾಳಿಗೆ ಅಡ್ಡಿ, ಮುಚ್ಚಿ ಎ.ಸಿ. ಹಾಕುವುದರಲ್ಲಿ ನಷ್ಟವಿಲ್ಲ. ಮಳೆಗಾಲದಲ್ಲಿ ಮಾತ್ರ ಈ ಲೆಕ್ಕವನ್ನೇ ಪಕ್ಕಕ್ಕಿಡಿ. ಒಳಗಿನ ಗಾಜು ಮಂಜು ಹಿಡಿದಾಗ ಅದನ್ನು ಬೇಗ ಒಣಗಿಸುವುದು ಎ.ಸಿ.ಯೇ. ಅಂಗೈಯಿಂದ ಒರೆಸಿಕೊಂಡು ಓಡಿಸಿದರೆ ರಾತ್ರಿ ಎದುರು ಲಾರಿಯ ದೀಪ ಬಿದ್ದ ಕೂಡಲೇ ಗಾಜೆಲ್ಲ ಬೆಳ್ಳಗಾಗುತ್ತದೆ. ಎ.ಸಿ. ಬಟನ್ ಒತ್ತಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವಂತೆ ಇಡಿ. ಎರಡು ನಿಮಿಷದಲ್ಲಿ ರಸ್ತೆ ಕಾಣುತ್ತದೆ.