ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಕ್ಕೆ ಲಸಿಕೆಯಾಗಲಿ ಪ್ರತಿಕಾಯದ ಇಂಜೆಕ್ಷನ್ ಆಗಲಿ ಯಾಕೆ ಇನ್ನೂ ಬಂದಿಲ್ಲ?

ನೀವು ಕೇಳಿರುವುದು ಎರಡು ಪ್ರಶ್ನೆ. ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿರುವ ನಿಮ್ಮ ತಂದೆಯವರ ಮೂತ್ರದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಅಂತ ಬಂದಿದೆ, ಔಷಧಿಗಳ ಹೆಸರಿನ ಎದುರಿಗೆ ಸಾಲಾಗಿ ‘ಆರ್’ (ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬಗ್ಗದು) ಅಂತಲೇ ಇದೆ. ಕೊರೊನಾಕ್ಕೆ ಒಂದು ವರ್ಷದೊಳಗೆ ಲಸಿಕೆ ಮಾಡಿದವರಿಗೆ ಇದಕ್ಕೊಂದು ಮಾಡಲು ಏನು ಕಷ್ಟ ಅನ್ನುವುದು ಮೊದಲನೆಯದು. ತೋಟದಲ್ಲಿ ಹಾವು ಕಚ್ಚಿದವರಿಗೆ ಕೊಡುವ ಎಎಸ್‌ವಿ ಥರ ತಯಾರಾದ ಪ್ರತಿಕಾಯವನ್ನೇ (ರೋಗಾಣು, ವಿಷಗಳಿಗೆ ಅಂಟಿಕೊಳ್ಳಲು ಮೈ ತಯಾರಿಸುವ ಪ್ರೋಟೀನ್) ನೇರವಾಗಿ ಚುಚ್ಚಬಾರದೇ ಅನ್ನುವುದು ಎರಡನೆಯದು. ನಾನು ಕೊಡಗಿನಲ್ಲೇ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ರಿಪೋರ್ಟಿಗೆ ಸಹಿ ಹಾಕುವುದೇ ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಎರಡನೆಯ ಪ್ರಶ್ನೆಯಿಂದ ಶುರು ಮಾಡುವುದು ಒಳ್ಳೆಯದು, ಯಾಕೆಂದರೆ ನೀವು ಹೇಳಿದ ಉಪಾಯ ಪೆನ್ಸಿಲಿನ್‌ಗಿಂತ ಹಳೆಯದು. 1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಾಸಾಟೊ ಸೇರಿ ಗಂಟಲುಮಾರಿ, ಧನುರ್ವಾಯುಗಳ ವಿಷಕ್ಕೆ ಒಗ್ಗಿದ ಪ್ರಾಣಿಯ ರಕ್ತದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಇನ್ನೊಂದು ಪ್ರಾಣಿಯನ್ನು ಕಾಪಾಡುತ್ತದೆ ಎಂದು ತೋರಿಸಿದರು. 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದದ್ದು ಇದೇ ಸೀರಂ ಚಿಕಿತ್ಸೆಗೆ. ಬಂದದ್ದು ಬೇರಿಂಗ್ ಒಬ್ಬರಿಗೇ, ಪಾಪ ಕಿಟಾಸಾಟೊಗೆ ಇಲ್ಲ. ನಮ್ಮ ಎಎಸ್‌ವಿ ಕೂಡ ಅದೇ ವಿದ್ಯೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದ ಪ್ರತಿಕಾಯ ತೆಗೆಯುತ್ತಾರೆ.

ಈ ಎಎಸ್‌ವಿಯ ಮಿತಿ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಫಿ ಗಿಡದ ರೆಂಬೆಯ ಮೇಲೆ ಎಲೆ ಬಣ್ಣದಲ್ಲಿ ಸುತ್ತಿಕೊಂಡು ಕೂತಿರುವ ಮಲಬಾರ್ ಪಿಟ್ ವೈಪರ್ ಕಚ್ಚಿದರೆ ಅದರ ಲೆಕ್ಕ ಬೇರೆ, ಕಾಳಿಂಗದ ಲೆಕ್ಕವೂ ಬೇರೆ. ಪ್ರತಿಕಾಯದ ಗುಣವೇ ಹಾಗೆ, ತನಗೆ ಗುರುತು ಸಿಕ್ಕ ಒಂದು ಆಕಾರಕ್ಕೆ ಮಾತ್ರ ಅಂಟುತ್ತದೆ. ಬ್ಯಾಕ್ಟೀರಿಯಾದ ವಿಷಯದಲ್ಲೂ ಕಥೆ ಪೂರ್ತಿ ಇದರ ಮೇಲೆಯೇ ನಿಂತಿದೆ. ಬ್ಯಾಕ್ಟೀರಿಯಾ ಒಂದೇ ಬಗೆಯ ವಿಷ ಬಿಟ್ಟು ಕೊಲ್ಲುವಂಥದ್ದಾದರೆ ಪ್ರತಿಕಾಯ ಚೆನ್ನಾಗಿ ನಡೆಯುತ್ತದೆ. ನೂರು ವೇಷದಲ್ಲಿ ಬರುವಂಥದ್ದಾದರೆ ಯಾವ ವೇಷಕ್ಕೆ ಅಂತ ತಯಾರಿಸುತ್ತೀರಿ?

ಕ್ಲೆಬ್ಸಿಯೆಲ್ಲಾ ಎರಡನೆಯ ಜಾತಿ. ಬೆಳಿಗ್ಗೆ ಇನ್‌ಕ್ಯುಬೇಟರ್‌ನಿಂದ ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕ್‌ಕಾಂಕಿ ಪ್ಲೇಟ್ ತೆಗೆದರೆ ಇದರ ಕಾಲೊನಿಗಳು ಗುಲಾಬಿ ಬಣ್ಣದಲ್ಲಿ, ಉಬ್ಬಿಕೊಂಡು, ಒಂದರೊಳಗೊಂದು ಹರಿದುಹೋಗಿರುತ್ತವೆ. ಲೂಪ್ (ತಂತಿಯ ಸಣ್ಣ ಉಂಗುರ) ತಾಗಿಸಿ ಮೆಲ್ಲಗೆ ಮೇಲೆತ್ತಿದರೆ ಕೆಲವು ಬಗೆಗಳಲ್ಲಿ ಎಳೆ ಪಾಕದ ಹಾಗೆ ದಾರ ಬರುತ್ತದೆ. ಆ ದಾರ 5 ಮಿಲಿಮೀಟರ್ ದಾಟಿದರೆ ನಾವು ಅದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳುತ್ತೇವೆ, ಅಂಥವು ಯಕೃತ್ತಿನಲ್ಲಿ ಕೀವು ಕಟ್ಟಿಸುವ ಪೈಕಿ ಇರಬಹುದು. ಆ ಲೋಳೆಯೇ ಅದರ ಹೊರಕವಚ, ಸಕ್ಕರೆಯ ಸರಪಳಿಗಳಿಂದ ಆದದ್ದು. ಹಳೆಯ ಸೀರಂ ಪರೀಕ್ಷೆಯಲ್ಲೇ 77 ಬಗೆಯ ಕವಚಗಳನ್ನು ಗುರುತಿಸಿದ್ದರು. ಈಗ ಜೀನ್ ಓದಿ ನೋಡಿದರೆ ನೂರಕ್ಕೂ ಮೇಲೆ. ಒಂದು ಕವಚಕ್ಕೆ ಮಾಡಿದ ಪ್ರತಿಕಾಯ ಪಕ್ಕದ ಹಾಸಿಗೆಯ ರೋಗಿಯ ಕ್ಲೆಬ್ಸಿಯೆಲ್ಲಾವನ್ನು ಮೂಸಿಯೂ ನೋಡುವುದಿಲ್ಲ. ಕವಚದ ಕೆಳಗಿನ ಇನ್ನೊಂದು ಸಕ್ಕರೆ ಪದರದಲ್ಲಿ ಬಗೆಗಳು ಕಡಿಮೆ, ಒಂದು ಡಜನ್ ಆಸುಪಾಸು. ಅದಕ್ಕೇ ಗುರಿ ಇಡೋಣ ಎಂದರೆ ಮೇಲಿನ ದಪ್ಪ ಲೋಳೆ ದಾಟಿ ಪ್ರತಿಕಾಯ ಅಲ್ಲಿಗೆ ತಲುಪುವುದೇ ಕಷ್ಟ.

ಇಷ್ಟಾದರೂ ವಿಜ್ಞಾನಿಗಳು ಇದರ ಬೆನ್ನು ಬಿಟ್ಟಿಲ್ಲ, ಕಾರಣ ಇದೆ. ಮೆರೋಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್ ಅನ್ನು ಕತ್ತರಿಸಿ ಹಾಕುವ ಎನ್‌ಡಿಎಂನಂಥ ಕಿಣ್ವ ಬ್ಯಾಕ್ಟೀರಿಯಾದ ಹತ್ತಿರ ಎಷ್ಟಿದ್ದರೂ ಪ್ರತಿಕಾಯಕ್ಕೆ ಅದರಿಂದ ತೊಂದರೆ ಇಲ್ಲ. ಅದು ಹೊರಗಿನಿಂದ ಅಂಟಿ, ನಮ್ಮದೇ ಬಿಳಿ ರಕ್ತಕಣಗಳಿಗೆ ‘ಇಲ್ಲಿದೆ, ನುಂಗು’ ಅಂತ ತೋರಿಸುತ್ತದೆ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳ ತಂಟೆಗೆ ಹೋಗುವುದಿಲ್ಲ. ಕುದುರೆ ಸೀರಂನಿಂದ ಬರುವ ಅಲರ್ಜಿಯ ರಗಳೆಯೂ ಈಗ ಇಲ್ಲ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದ ಮೇಲೆ, ಮನುಷ್ಯರ ಪ್ರತಿಕಾಯವನ್ನೇ ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ಬೆಳೆಸಿ ತೆಗೆಯುತ್ತಾರೆ.

ಹಾಗಾದರೆ ಅಡ್ಡಿ ಏನು? ನನ್ನ ಕುರ್ಚಿಯಿಂದ ನೋಡಿದರೆ ಮೊದಲ ಅಡ್ಡಿ ಸಮಯ. 1930ರ ದಶಕದಲ್ಲಿ ನ್ಯುಮೋನಿಯಾಕ್ಕೆ ಸೀರಂ ಕೊಡುತ್ತಿದ್ದರು, ಜನ ಬದುಕುತ್ತಲೂ ಇದ್ದರು. ಆದರೆ ರೋಗಿಯ ಕಫದಲ್ಲಿ ಇರುವುದು ಯಾವ ಬಗೆಯ ನ್ಯುಮೊಕಾಕಸ್ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ಎಂದು ಮೊದಲು ಪತ್ತೆ ಮಾಡಿ, ಅದಕ್ಕೆ ಹೊಂದುವ ಸೀರಂ ಬಾಟಲಿಯನ್ನೇ ಹುಡುಕಬೇಕಿತ್ತು. ಸಲ್ಫಾ ಔಷಧಿ ಬಂತು, ಆಮೇಲೆ ಪೆನ್ಸಿಲಿನ್ ಬಂತು, ಬಗೆ ನೋಡುವ ಗೊಡವೆಯೇ ಬೇಡವಾಯಿತು, ಸೀರಂ ಮೂಲೆಗೆ ಹೋಯಿತು. ಈಗ ಅಲ್ಲಿಗೇ ವಾಪಸು ಬಂದು ನಿಂತಿದ್ದೇವೆ. ನಮ್ಮಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಒಂದು ದಿನ, ಔಷಧಿ ಹೀರಿಸಿದ ಕಾಗದದ ಡಿಸ್ಕ್ ಇಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಅಳೆಯಲು ಇನ್ನೊಂದು ದಿನ. ಡಿಸ್ಕಿನ ಅಂಚಿನವರೆಗೂ ಹುಲುಸಾಗಿ ಬೆಳೆದು ನಿಂತಿದ್ದರೆ ಅದೇ ನಿಮ್ಮ ರಿಪೋರ್ಟಿನ ‘ಆರ್’. ಕವಚ ಯಾವ ಬಗೆ ಅಂತ ನೋಡುವ ಪದ್ಧತಿ ಇಂಥ ಲ್ಯಾಬುಗಳಲ್ಲಿ ಇಲ್ಲ. ರಕ್ತಕ್ಕೆ ನಂಜು ಏರಿದ ರೋಗಿಗೆ ಅಷ್ಟು ಹೊತ್ತು ಕಾಯಲು ಪುರುಸೊತ್ತು ಇರುವುದಿಲ್ಲ.

ಲಸಿಕೆಯ ಕಡೆ ಬಂದರೆ ಕೊರೊನಾ ಜೊತೆ ಹೋಲಿಕೆ ಇಲ್ಲಿ ಕೂರುವುದಿಲ್ಲ. ಆ ವೈರಸ್ಸಿಗೆ ಸ್ಪೈಕ್ ಪ್ರೋಟೀನ್ ಅಂತ ಎದ್ದು ಕಾಣುವ ಒಂದು ಗುರಿ ಇತ್ತು, ಊರೆಲ್ಲ ಸೋಂಕು ಇದ್ದುದರಿಂದ ಪ್ರಯೋಗದ ಫಲಿತಾಂಶವೂ ಬೇಗ ಬಂತು. ಆಸ್ಪತ್ರೆಯ ಬ್ಯಾಕ್ಟೀರಿಯಾ ಯಾರಿಗೆ ಯಾವಾಗ ತಗಲುತ್ತದೆ ಎಂದು ಮೊದಲೇ ಹೇಳುವವರು ಯಾರು? ತಗಲುವುದು ಹೆಚ್ಚಾಗಿ ವಯಸ್ಸಾದವರಿಗೆ, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಿಗೆ, ವೆಂಟಿಲೇಟರ್‌ನಲ್ಲಿ ಇರುವವರಿಗೆ. ಅಂದರೆ ಲಸಿಕೆ ಕೊಟ್ಟರೂ ಮೈ ಸರಿಯಾಗಿ ಸ್ಪಂದಿಸದವರಿಗೇ.

ಇದರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಕಥೆ ಓದಿದಾಗಲೆಲ್ಲ ನನಗೆ ಸ್ವಲ್ಪ ದಿಗಿಲಾಗುತ್ತದೆ. ಎಂಆರ್‌ಎಸ್‌ಎ ಅಂತ ಕೇಳಿರುತ್ತೀರಲ್ಲ, ಈ ಬ್ಯಾಕ್ಟೀರಿಯಾದಲ್ಲೇ ಮೆಥಿಸಿಲಿನ್ ಥರದ ಔಷಧಿಗಳಿಗೆ ಬಗ್ಗದ ಬಗೆ ಅದು. ಮಾಮೂಲಿ ಸ್ಟ್ಯಾಫ್ ಹತ್ತರಲ್ಲಿ ಎರಡು ಮೂರು ಜನರ ಮೂಗಿನಲ್ಲಿ ಸುಮ್ಮನೆ ಕೂತಿರುತ್ತದೆ. ಮರ್ಕ್ ಕಂಪನಿ ಇದಕ್ಕೆ ವಿ710 ಎಂಬ ಲಸಿಕೆ ಮಾಡಿ, ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವ ಸುಮಾರು 8,000 ಮಂದಿಯ ಮೇಲೆ ಪ್ರಯೋಗ ನಡೆಸಿತು. ಪ್ರತಿಕಾಯ ಚೆನ್ನಾಗಿಯೇ ಹುಟ್ಟಿತು, ಸೋಂಕು ಮಾತ್ರ ಕಡಿಮೆಯಾಗಲಿಲ್ಲ. 2011ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ನಿಲ್ಲಿಸಿ ಲೆಕ್ಕ ಹಾಕಿದಾಗ ಇನ್ನೂ ಕೆಟ್ಟ ಸುದ್ದಿ: ಸ್ಟ್ಯಾಫ್ ಸೋಂಕು ತಗಲಿದವರ ಪೈಕಿ, ಲಸಿಕೆ ಹಾಕಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಐದು ಪಟ್ಟು ಇತ್ತು. ಫೈಜರ್‌ನ ಲಸಿಕೆ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯವರಲ್ಲಿ ಹಾನಿ ಮಾಡಲಿಲ್ಲ, ಉಪಯೋಗಕ್ಕೂ ಬರಲಿಲ್ಲ. 2018ರಲ್ಲಿ ಅದೂ ನಿಂತಿತು. ಈ ಬ್ಯಾಕ್ಟೀರಿಯಾದ ಮೈಮೇಲೆ ಪ್ರೋಟೀನ್ ಎ ಅಂತ ಒಂದು ಇದೆ. ಪ್ರತಿಕಾಯದ ಕೈ ಇರುವುದು ಒಂದು ಕಡೆ, ಬಿಳಿ ರಕ್ತಕಣ ಹಿಡಿಯಬೇಕಾದ ಬಾಲ ಇನ್ನೊಂದು ಕಡೆ. ಪ್ರೋಟೀನ್ ಎ ಹೋಗಿ ಬಾಲವನ್ನೇ ಹಿಡಿದುಕೊಳ್ಳುತ್ತದೆ. ಪ್ರತಿಕಾಯ ತಲೆಕೆಳಗಾಗಿ ನೇತಾಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ಇಂಥ ಕಿಲಾಡಿಗೆ ‘ಪ್ರತಿಕಾಯ ಹೆಚ್ಚಿಸಿದರೆ ಆಯಿತು’ ಅನ್ನುವ ಲೆಕ್ಕ ಸಾಲದು.

ಮೂತ್ರದ ಸೋಂಕಿನ ವಿಷಯವಾಗಿ ಎರಡು ಮಾತು. ಇ. ಕೊಲಿ ಎಂಬ ಬ್ಯಾಕ್ಟೀರಿಯಾದ ಒಂಬತ್ತು ಬಗೆಗಳನ್ನು ಸೇರಿಸಿ ಮಾಡಿದ ಲಸಿಕೆಯೊಂದರ ಪ್ರಯೋಗ 60 ದಾಟಿದವರ ಮೇಲೆ ದೊಡ್ಡದಾಗಿ ನಡೆದಿತ್ತು. ಸಾಕಷ್ಟು ರಕ್ಷಣೆ ಕಾಣದೆ 2025ರ ಫೆಬ್ರವರಿಯಲ್ಲಿ ಕೈಬಿಟ್ಟರು. ಸ್ಪೇನಿನ ಎಂವಿ140 ಅಂತ ಇನ್ನೊಂದಿದೆ. ಕ್ಲೆಬ್ಸಿಯೆಲ್ಲಾವೂ ಸೇರಿ ನಾಲ್ಕು ಸತ್ತ ಬ್ಯಾಕ್ಟೀರಿಯಾಗಳ ದ್ರಾವಣ, ಮೂರು ತಿಂಗಳು ದಿನಾ ನಾಲಗೆ ಕೆಳಗೆ ಸ್ಪ್ರೇ ಮಾಡುವುದು. ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಪರೀಕ್ಷಿಸಿದಾಗ ಸೋಂಕೇ ಬಾರದೆ ಉಳಿದವರು ಅರ್ಧಕ್ಕಿಂತ ಹೆಚ್ಚು, ಬರೀ ನೀರು ಸ್ಪ್ರೇ ಮಾಡಿದಂಥ ಗುಂಪಿನಲ್ಲಿ ಕಾಲು ಭಾಗ. ಆಶಾದಾಯಕವೇ, ಆದರೆ ಆ ಪರೀಕ್ಷೆ ಕ್ಯಾಥೆಟರ್ ಇರುವ ಗಂಡಸರ ಮೇಲೆ ನಡೆದದ್ದಲ್ಲ.

ಗೆದ್ದ ಪ್ರತಿಕಾಯವೂ ಇದೆ, ಅದರ ಗತಿ ಕೇಳಿ. ಆಂಟಿಬಯಾಟಿಕ್ ತಿಂದು ತಿಂದು ಕರುಳು ಕೆಟ್ಟವರಿಗೆ ಬರುವ ಸಿ. ಡಿಫಿಸಿಲ್ ಭೇದಿಗೆ ಬೆಜ್ಲೊಟಾಕ್ಸುಮ್ಯಾಬ್ ಅಂತ ಒಂದು ಬಂತು, ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಅದು ಹಿಡಿಯುವುದು ಬ್ಯಾಕ್ಟೀರಿಯಾವನ್ನಲ್ಲ, ಅದು ಬಿಡುವ ವಿಷವನ್ನು. ಬೇರಿಂಗ್ ಕಾಲದ ಸೂತ್ರವೇ. ಭೇದಿ ಮರುಕಳಿಸುವುದು ನೂರಕ್ಕೆ 27 ಇದ್ದದ್ದು 17ರ ಆಸುಪಾಸಿಗೆ ಇಳಿಯಿತು. 2025ರ ಜನವರಿಯಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಕೆಲಸ ಮಾಡುವ ಔಷಧಿಯೂ ಅಂಗಡಿಯಲ್ಲಿ ಉಳಿಯದಿದ್ದರೆ ಹೊಸದನ್ನು ಹುಡುಕಲು ದುಡ್ಡು ಹಾಕುವವರು ಯಾರು ಹೇಳಿ? ವಿಜ್ಞಾನದ ಕಷ್ಟದಷ್ಟೇ ಇದೂ ದೊಡ್ಡದು ಅಂತ ನನ್ನ ಅಭಿಪ್ರಾಯ.

ಇಷ್ಟು ಓದಿ ಲಸಿಕೆಯಿಂದ ಏನೂ ಆಗದು ಅಂದುಕೊಳ್ಳಬೇಡಿ. ಹೊಸದಕ್ಕೆ ಕಾಯುತ್ತಾ, ಇರುವುದು ಮಾಡಿದ ಕೆಲಸವನ್ನು ನಾವು ಲೆಕ್ಕಕ್ಕೇ ಹಿಡಿಯುತ್ತಿಲ್ಲ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ 2016ರಲ್ಲಿ ಟೈಫಾಯ್ಡ್ ಎದ್ದಿತು. ಹಳೆಯ ಮೂರು ಔಷಧಿಗಳಿಗೂ ಬಗ್ಗಲಿಲ್ಲ, ಸಿಪ್ರೊಫ್ಲಾಕ್ಸಾಸಿನ್‌ಗೂ ಇಲ್ಲ, ಸೆಫ್ಟ್ರಿಯಾಕ್ಸೋನ್‌ಗೂ ಇಲ್ಲ. ಉಳಿದದ್ದು ಅಜಿತ್ರೊಮೈಸಿನ್ ಮತ್ತು ದುಬಾರಿ ಮೆರೋಪೆನೆಮ್‌ನ ಗುಂಪು ಮಾತ್ರ. ಅಲ್ಲಿನ ಮಕ್ಕಳಿಗೆ ಹಾಕಿದ್ದು ನಮ್ಮ ತೆಲಂಗಾಣದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಟೈಫಾಯ್ಡ್ ಕಾಂಜುಗೇಟ್ ಲಸಿಕೆ. 2019ರಲ್ಲಿ ಪಾಕಿಸ್ತಾನ ಅದನ್ನು ದಿನನಿತ್ಯದ ಲಸಿಕೆ ಪಟ್ಟಿಗೇ ಸೇರಿಸಿತು, ಜಗತ್ತಿನಲ್ಲಿ ಮೊದಲು. ಎರಡು ಹೈದರಾಬಾದುಗಳ ಮಧ್ಯೆ ಗಡಿ ಎಷ್ಟು ಬಿಗಿಯಾಗಿದ್ದರೂ ಲಸಿಕೆ ದಾಟಿತು. ಇಲ್ಲಿ ಅದೇ ಲಸಿಕೆ ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ಸಿಗುತ್ತದೆ.

ನ್ಯುಮೊಕಾಕಲ್ ಲಸಿಕೆಯದೂ ಹೀಗೆಯೇ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ ಶುರು ಮಾಡಿದ ಮೇಲೆ ಪೆನ್ಸಿಲಿನ್‌ಗೆ ಬಗ್ಗದ ನ್ಯುಮೊಕಾಕಸ್ ರೋಗ ಮಕ್ಕಳಲ್ಲೂ ಇಳಿಯಿತು, ಲಸಿಕೆ ಹಾಕಿಸಿಕೊಳ್ಳದ ಅಜ್ಜ ಅಜ್ಜಿಯರಲ್ಲೂ ಇಳಿಯಿತು. ಖಾಲಿಯಾದ ಜಾಗಕ್ಕೆ 19ಎ ಎಂಬ ಇನ್ನೊಂದು ಬಗೆ ಬಂದು ಕೂತಿತು, ಅದನ್ನೂ ಮುಂದಿನ ಲಸಿಕೆಗೆ ಸೇರಿಸಿದರು. ಭಾರತದಲ್ಲಿ 2017ರಿಂದ ಹಂತ ಹಂತವಾಗಿ ಬಂದು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಉಚಿತ. ನಮ್ಮಲ್ಲಿ ಜಾರಿ ಹೋಗುವುದು ಆ ಮೂರನೆಯ ಡೋಸು. ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದ ಕುಟುಂಬ ತೋಟದ ಲೈನ್ ಮನೆಯಲ್ಲಿ ಇರುವುದು ಕೆಲಸ ಇರುವಷ್ಟು ದಿನ. ಇಲ್ಲಿನ ಪಾಲಿಬೆಟ್ಟದಲ್ಲಿ ಒಂದು ಡೋಸ್ ಆದ ಮಗುವಿಗೆ ಮುಂದಿನದು ಯಾವ ತೋಟದಲ್ಲಿ, ಯಾವ ರಾಜ್ಯದಲ್ಲಿ? ಆಶಾ ಕಾರ್ಯಕರ್ತೆಯರು ಕಾರ್ಡ್ ಹಿಡಿದು ಹುಡುಕಾಡುವುದನ್ನು ನೋಡಿದ್ದೇನೆ.

ಜಾನುವಾರು, ಹಂದಿ, ಕೋಳಿಗಳನ್ನೂ ಇಲ್ಲಿ ಮರೆಯುವ ಹಾಗಿಲ್ಲ. ನಾರ್ವೆಯ ಸಾಲ್ಮನ್ ಸಾಕಣೆಯವರು 1987ರಲ್ಲಿ ಸುಮಾರು 50 ಟನ್ ಆಂಟಿಬಯಾಟಿಕ್ ಬಳಸುತ್ತಿದ್ದರು. ಮೀನಿಗೆ ಲಸಿಕೆ ಚುಚ್ಚಲು ಶುರು ಮಾಡಿದ ಮೇಲೆ ಕೆಲವೇ ವರ್ಷಗಳಲ್ಲಿ ಅದು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಇಳಿಯಿತು, ಮೀನಿನ ಉತ್ಪಾದನೆ ಮಾತ್ರ ಏರುತ್ತಲೇ ಹೋಯಿತು. ನಮ್ಮಲ್ಲೂ ದನ ಎಮ್ಮೆಗಳ ಚಪ್ಪೆ ರೋಗ, ಗಂಟಲು ಬೇನೆಗೆ ಬೆಂಗಳೂರಿನ ಹೆಬ್ಬಾಳದಲ್ಲೇ ಲಸಿಕೆ ತಯಾರಾಗುತ್ತದೆ. ಕೋಳಿ, ಹಂದಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ. ನಿಮ್ಮ ತಂದೆಯವರಂಥ ರೋಗಿಗಳಿಗೆ ಕೊನೆಗೆ ಉಳಿಯುವ ಔಷಧಿಗಳಲ್ಲಿ ಅದೂ ಒಂದು.

ಈಗ ನಿಮ್ಮ ತಂದೆಯವರ ವಿಷಯ. ರಿಪೋರ್ಟ್ ನೋಡಿ ಗಾಬರಿ ಬೀಳುವ ಮೊದಲು ಡಾಕ್ಟರ ಹತ್ತಿರ ಇದೊಂದು ಕೇಳಿ: ಜ್ವರ, ಚಳಿ, ಹೊಟ್ಟೆ ಕೆಳಭಾಗದ ನೋವು, ಇದ್ದಕ್ಕಿದ್ದಂತೆ ಮಂಕಾಗುವುದು, ಇವು ಯಾವುದೂ ಇಲ್ಲದಿದ್ದರೆ ಚಿಕಿತ್ಸೆ ಬೇಕೇ? ಕ್ಯಾಥೆಟರ್ ಕೆಲವು ವಾರ ಒಳಗಿದ್ದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕೇ ಸಿಗುತ್ತದೆ. ರೋಗಲಕ್ಷಣ ಇಲ್ಲದೆ ಅದಕ್ಕೆ ಆಂಟಿಬಯಾಟಿಕ್ ಕೊಟ್ಟರೆ ಮುಂದಿನ ರಿಪೋರ್ಟಿನಲ್ಲಿ ಇನ್ನೂ ನಾಲ್ಕು ‘ಆರ್’ ಸೇರುತ್ತದೆ, ಅಷ್ಟೇ. ಲಕ್ಷಣ ಇದ್ದರೆ ತಡ ಮಾಡಬೇಡಿ. ಕ್ಯಾಥೆಟರ್ ಇನ್ನೂ ಬೇಕೇ, ತೆಗೆಯಬಹುದೇ ಅಂತಲೂ ಕೇಳಿ. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ ಅವರ ವಯಸ್ಸಿಗೆ ಒಳ್ಳೆಯದೇ, ಆದರೆ ಅವು ಮೂತ್ರದ ಕ್ಲೆಬ್ಸಿಯೆಲ್ಲಾವನ್ನು ತಡೆಯುವುದಿಲ್ಲ.

ಮತ್ತೆ ಕಲ್ಚರ್ ಮಾಡಿಸುವುದಾದರೆ ಚೀಲದಲ್ಲಿ ನಿಂತ ಮೂತ್ರ ಹಿಡಿದು ಕಳಿಸಬೇಡಿ. ಹಳೆಯ ಕ್ಯಾಥೆಟರ್ ಬದಲಿಸಿ, ಹೊಸದರಿಂದ ನರ್ಸ್ ಕೈಯಲ್ಲೇ ತೆಗೆಸಿ. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ಜುಲೈ ಮಳೆಯಲ್ಲಿ ದಾರಿ ಮೇಲೆ ಮರ ಬಿದ್ದು ಬಸ್ಸು ನಿಂತರೆ ಅದು ಆಗದ ಮಾತು, ಗೊತ್ತಿದೆ. ಹಾಗಿದ್ದರೆ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು (ಫ್ರೀಜರ್‌ನಲ್ಲಿ ಅಲ್ಲ), ಮರುದಿನ ಐಸ್ ಪ್ಯಾಕ್ ಜೊತೆ ತನ್ನಿ, 24 ಗಂಟೆವರೆಗೆ ನಡೆಯುತ್ತದೆ. ತೆಗೆದ ಹೊತ್ತನ್ನು ಡಬ್ಬಿ ಮೇಲೆ ಬರೆದಿರಿ.