ಮೂವತ್ತೆರಡು ಪಿಕ್‌ಗಳ ಚೀಲವನ್ನು ಮೊದಲು ಮುಚ್ಚಿಡಿ

ಪಿಕ್ ಎಂಬ ತೆಳ್ಳನೆಯ ಉಕ್ಕಿನ ಕಡ್ಡಿಯಿಂದ, ಕೀಲಿಕೈ ಇಲ್ಲದೆ ಬೀಗ ತೆರೆಯುವುದನ್ನು ಹವ್ಯಾಸವಾಗಿ ಹಿಡಿದ ಹೊಸಬರ ಪತ್ರಗಳು ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತವೆ: ಮೊದಲು ಏನನ್ನು ಕೊಳ್ಳಲಿ? ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಈ ಸಲ ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ಪಿನ್ ಬೀಗದ ಒಳಗೆ ಏನೇನಿದೆ ಎಂದು ವಿವರಿಸುತ್ತಾ ಕೂರುವುದಿಲ್ಲ. ಗೊತ್ತಿಲ್ಲದವರು ಹಳೆಯ ಬೀಗವೊಂದನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು ನೋಡಿ, ಆಮೇಲೆ ಮುಂದಕ್ಕೆ ಓದಲಿ.

ಪ್ರಶ್ನೆ: ಸದ್ಯಕ್ಕೆ ಒಂದೇ ಪಿಕ್ ಕೊಳ್ಳುವುದಾದರೆ ಹೆಚ್ಚು ಬೀಗಗಳಿಗೆ ಆಗಿಬರುವಂಥದ್ದು ಯಾವುದು? ಅರ್ಧ ವಜ್ರದ ಆಕಾರದ್ದು ಎಲ್ಲಕ್ಕೂ ಸಾಕು ಎನ್ನುತ್ತಾರೆ. 32 ತುಂಡುಗಳ ಸೆಟ್ ಕೂಡ ಅಗ್ಗವಾಗಿ ಸಿಗುತ್ತಿದೆ.

ಗಿಡ್ಡ ಹುಕ್, ಅಂದರೆ ತುದಿ ತುಸುವೇ ಮೇಲಕ್ಕೆ ಬಾಗಿದ ಪಿಕ್. ಉತ್ತರ ಇಷ್ಟೇ, ಆದರೆ ಕಾರಣ ಹೇಳದಿದ್ದರೆ ಮತ್ತೆ ಪತ್ರ ಬರೆಯುತ್ತೀರಿ.

ಪಿನ್ ಬೀಗವನ್ನು ಕೀಲಿಕೈ ಇಲ್ಲದೆ ತೆರೆಯಲು ಸಾಧ್ಯವಾಗುವುದು ಅದರ ತಯಾರಿಕೆಯಲ್ಲಿ ಉಳಿದುಬಿಡುವ ಕೂದಲೆಳೆಯಷ್ಟು ವ್ಯತ್ಯಾಸದಿಂದ. ಪ್ಲಗ್ಗಿನಲ್ಲಿ, ಅಂದರೆ ಕೀಲಿಕೈಯೊಂದಿಗೆ ತಿರುಗುವ ಒಳಗಿನ ಉರುಳೆಯಲ್ಲಿ, ಪಿನ್ ಕೂರುವ ರಂಧ್ರಗಳು ಕರಾರುವಾಕ್ಕಾಗಿ ಒಂದೇ ಗೆರೆಯಲ್ಲಿ ಇರುವುದಿಲ್ಲ. ಹಾಗಾಗಿ ಪ್ಲಗ್ಗನ್ನು ಮೆಲ್ಲಗೆ ತಿರುಗಿಸಿ ಹಿಡಿದಾಗ ಎಲ್ಲ ಪಿನ್‌ಗಳೂ ಒಟ್ಟಿಗೆ ಬಿಗಿಯುವುದಿಲ್ಲ, ಯಾವುದೋ ಒಂದು ಮೊದಲು ಬಿಗಿಯುತ್ತದೆ. ಮಿಕ್ಕವು ಸ್ಪ್ರಿಂಗಿನ ಮೇಲೆ ಮೆತ್ತಗೆ ಕುಣಿಯುತ್ತಿರುತ್ತವೆ. ಬಿಗಿದದ್ದನ್ನು ಹುಡುಕಿ, ಅದೊಂದನ್ನೇ ಎತ್ತಿ ಕೂರಿಸಿ, ಆಮೇಲೆ ಬಿಗಿಯುವ ಇನ್ನೊಂದನ್ನು ಹುಡುಕಬೇಕು. ಅಕ್ಕಪಕ್ಕದ ಪಿನ್ನನ್ನು ಕದಲಿಸದೆ ಈ ಕೆಲಸ ಮಾಡಲು ಹುಕ್ಕಿಗಿಂತ ಒಳ್ಳೆಯದಿಲ್ಲ.

ಅರ್ಧ ವಜ್ರದ ತುದಿಗೆ ಇಳಿಜಾರು ಇದೆ. ಒಳಗಿನ ಪಿನ್ ಬಹಳ ಮೇಲೇರಬೇಕು, ಅದರ ಮುಂದಿನದು ಸ್ವಲ್ಪವೇ ಏರಬೇಕು ಎನ್ನುವಂಥ ಬೀಗ ಎದುರಾಯಿತೆನ್ನಿ. ಒಳಗಿನದನ್ನು ಎತ್ತುವಷ್ಟರಲ್ಲಿ ಆ ಇಳಿಜಾರು ಮುಂದಿನದನ್ನೂ ಅದು ನಿಲ್ಲಬೇಕಾದ ಎತ್ತರ ದಾಟಿಸಿರುತ್ತದೆ. ಒತ್ತಡ ಬಿಟ್ಟು ಮೊದಲಿನಿಂದ ಶುರು ಮಾಡಬೇಕು. ಪಿನ್ ಬದಲು ತೆಳ್ಳನೆಯ ತಗಡುಗಳಿರುವ ಡ್ರಾಯರಿನ ವೇಫರ್ ಬೀಗಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಎರಡನೆಯ ಪಿಕ್ ಆಗಿ ಕೊಳ್ಳಿ. ಹಾಗೆಂದು ಉದ್ದ ಕೊಕ್ಕಿನ ಹುಕ್ಕಿಗೂ ಕೈ ಹಾಕಬೇಡಿ. ಕಿರಿದಾದ ಕಿಂಡಿಯಲ್ಲಿ ಅದಕ್ಕೆ ಓಡಾಡಲು ಜಾಗವಿಲ್ಲ. ಗೋಡೆಗೆ ತಾಗಿತೋ ಪಿನ್ನಿಗೆ ತಾಗಿತೋ ಎಂಬುದು ಹೊಸಬರ ಬೆರಳಿಗೆ ತಿಳಿಯುವುದೇ ಇಲ್ಲ.

ದಪ್ಪದ ವಿಷಯದಲ್ಲಿ ಹವ್ಯಾಸಿಗಳ ಜಗಳ ಹಳೆಯದು. ಸಾಮಾನ್ಯವಾಗಿ ಸಿಗುವವು 0.6 ಮತ್ತು 0.5 ಮಿ.ಮೀ. ಆಸುಪಾಸಿನವು, 0.4ಕ್ಕೆ ಇಳಿಯುವುದೂ ಉಂಟು. ದಪ್ಪನೆಯದು ಬೇಗ ಬಾಗುವುದಿಲ್ಲವೆಂದು ಹೊಸಬರಿಗೆ 0.6 ಹೇಳುವವರು ಹೆಚ್ಚು. ನನ್ನ ಮತ 0.5ಕ್ಕೆ. ತೆಳ್ಳನೆಯದು ಅಗಲ ಕಿಂಡಿಗೂ ಹೋಗುತ್ತದೆ, ಕಿರಿದಕ್ಕೂ ಹೋಗುತ್ತದೆ. ದಪ್ಪನೆಯದಕ್ಕೆ ಆ ಅನುಕೂಲವಿಲ್ಲ. ಬಾಗಿದರೆ ನೀವು ಬಲ ಹಾಕಿದಿರಿ ಎಂದೇ ಅರ್ಥ, ಆ ಪಾಠ ಬೇಗ ಆದಷ್ಟೂ ವಾಸಿ. 0.4 ಮಾತ್ರ ಈಗಲೇ ಬೇಡ.

ಕೊಂಡ ಕೂಡಲೇ ಬೀಗಕ್ಕೆ ತೂರಿಸಬೇಡಿ. ಹುಕ್ಕನ್ನು ಬೆಳಕಿಗೆ ಹಿಡಿದು ಅಂಚು ನೋಡಿ. ಉಕ್ಕಿನ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಕತ್ತರಿಸಿದ ಅಗ್ಗದ ಪಿಕ್ಕಿನಲ್ಲಿ ಒಂದು ಮಗ್ಗುಲಿನ ಅಂಚು ನಯವಾಗಿದ್ದರೆ ಇನ್ನೊಂದರಲ್ಲಿ ಸಣ್ಣ ಮುಳ್ಳು ಎದ್ದಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಹತ್ತಿಯ ಉಂಡೆಯ ಮೇಲೆ ಎಳೆಯಿರಿ, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಅದು ಪ್ರತಿ ಪಿನ್ನಿನ ತಳವನ್ನೂ ಕೆರೆಯುತ್ತದೆ, ಬೆರಳಿಗೆ ಬರುವ ಸುದ್ದಿಯೆಲ್ಲ ಆ ಕೆರೆತದ್ದೇ ಆಗಿಬಿಡುತ್ತದೆ. 400ರ ಉಜ್ಜುಕಾಗದದಿಂದ ಶುರು ಮಾಡಿ 800, 1200ಕ್ಕೆ ಹೋಗಿ. ತುದಿಯನ್ನೂ ಚೂಪು ಹೋಗುವಂತೆ ಗುಂಡಗೆ ಮಾಡಿ, ಇಲ್ಲದಿದ್ದರೆ ಎರಡು ಪಿನ್‌ಗಳ ನಡುವೆ ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಗೆ ಉಗುರಿನ ಮೇಲೆ ಎಳೆದರೆ ಗೀರು ಬೀಳಬಾರದು.

ಇಷ್ಟೆಲ್ಲ ಹೇಳಿದ್ದು ನೀವು ಪಿಕ್ ಬಗ್ಗೆ ಕೇಳಿದಿರೆಂದು. ಪ್ಲಗ್ಗನ್ನು ತಿರುಗಿಸಿ ಹಿಡಿಯುವ ಟೆನ್ಷನ್ ರೆಂಚ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಬೀಗ ತೆರೆಯದಿದ್ದಾಗ ಹತ್ತರಲ್ಲಿ ಎಂಟು ಸಲ ತಪ್ಪು ಈ ಕೈಯದು, ಬೈಗುಳ ತಿನ್ನುವುದು ಮಾತ್ರ ಪಿಕ್. ಸೆಟ್‌ಗಳ ಜೊತೆ ಬರುವ, ಕಿಂಡಿಯ ತಳದಲ್ಲಿ ಕೂರುವ ತಿರುಚಿದ ತಗಡು ಅರ್ಧ ಜಾಗವನ್ನು ತಾನೇ ನುಂಗುತ್ತದೆ. ಕಿಂಡಿಯ ಮೇಲಂಚಿನಲ್ಲಿ, ಅಂದರೆ ಪಿನ್‌ಗಳಿರುವ ಕಡೆ ಕೂರುವ ಚಪ್ಪಟೆ ಪಟ್ಟಿಗಳನ್ನು ಕೊಳ್ಳಿ. 0.8, 1 ಮತ್ತು 1.3 ಮಿ.ಮೀ. ದಪ್ಪದವು ಇದ್ದರೆ ಬಹಳ ದೂರ ಹೋಗಬಹುದು. ಪಟ್ಟಿ ಕಿಂಡಿಯಲ್ಲಿ ಅಲ್ಲಾಡದೆ ಕೂರಬೇಕು, ಮೊದಲನೆಯ ಪಿನ್ನನ್ನು ಮುಟ್ಟಬಾರದು. ಅದರ ಮೇಲಿಟ್ಟ ಬೆರಳಿನ ಉಗುರು ಬೆಳ್ಳಗಾಯಿತೋ, ಒತ್ತಡ ಅತಿಯಾಯಿತು.

ಸ್ಪೂಲ್ ಪಿನ್ ಇರುವ ಬೀಗ ಸಿಕ್ಕಾಗ ಹಗುರ ಒತ್ತಡದ ಬೆಲೆ ತಿಳಿಯುತ್ತದೆ. ನಡು ಸಣ್ಣಗಿರುವ ಆ ಪಿನ್ ಪ್ಲಗ್ಗನ್ನು ಒಂದಿಷ್ಟು ತಿರುಗಲು ಬಿಟ್ಟು, ತೆರೆದೇಬಿಟ್ಟಿತು ಎಂದು ನಂಬಿಸಿ, ಅಲ್ಲೇ ಕಚ್ಚಿ ನಿಲ್ಲುತ್ತದೆ. ಅದನ್ನು ಎತ್ತುವಾಗ ಪ್ಲಗ್ ಹಿಂದಕ್ಕೆ ತಿರುಗುತ್ತದೆ. ಹಾಗೆ ತಿರುಗಲು ರೆಂಚಿನ ಮೇಲಿನ ಬೆರಳು ಸಡಿಲಬೇಕು. ಬಿಗಿಹಿಡಿದು ಹಟ ಮಾಡಿದರೆ ಪಿಕ್ ಬಾಗುತ್ತದೆ ಅಷ್ಟೆ.

ಇನ್ನು 32 ತುಂಡುಗಳ ಸೆಟ್. ಅದರಲ್ಲಿ ಮೂರು ಹುಕ್ಕು, ಒಂದು ಅರ್ಧ ವಜ್ರ, ಪಿನ್‌ಗಳನ್ನೆಲ್ಲ ಒಟ್ಟಿಗೆ ಉಜ್ಜುವ ಒಂದೆರಡು ರೇಕ್ ಬಿಟ್ಟರೆ ಉಳಿದವು ಎಣಿಕೆ ತುಂಬಿಸಲು ಬಂದವು. ಹೊಸಬರು ತೆರೆಯದ ಬೀಗಕ್ಕೆ ಒಂದಾದಮೇಲೊಂದು ಪಿಕ್ ಬದಲಿಸುತ್ತಾ ಕೂರುತ್ತಾರೆ, ಕೈ ಬದಲಾಗುವುದಿಲ್ಲ. ಅಷ್ಟೇ ಹಣಕ್ಕೆ ಒಂದು ಒಳ್ಳೆಯ ಹುಕ್ಕು, ಮೂರು ಪಟ್ಟಿ, ನಾಲ್ಕು ಪಿನ್ನಿನ ಒಂದು ಸಾದಾ ಪ್ಯಾಡ್‌ಲಾಕ್ ತೆಗೆದುಕೊಳ್ಳಿ.

ಪ್ರಶ್ನೆ: ರೇಕಿನಿಂದ ಕ್ಷಣದಲ್ಲಿ ತೆರೆಯುತ್ತಿರುವಾಗ ಒಂದೊಂದೇ ಪಿನ್ ಎತ್ತುವ ಕಷ್ಟ ಏಕೆ?

ತೆರೆದದ್ದು ಬೀಗದ ಕಳಪೆತನ. ಸ್ಪೂಲ್ ಪಿನ್ ಇರುವ ಬೀಗಕ್ಕೆ ಅದನ್ನೇ ಹಾಕಿ ಉಜ್ಜಿ ನೋಡಿ, ಆಮೇಲೆ ಮಾತನಾಡೋಣ.

ಪ್ರಶ್ನೆ: ಪಾರದರ್ಶಕ ಅಭ್ಯಾಸ ಬೀಗದಿಂದ ಶುರು ಮಾಡಲೇ?

ಒಂದು ಸಂಜೆ ನೋಡಿ, ಎತ್ತಿಡಿ. ಕಣ್ಣಿನಿಂದ ಕಲಿತದ್ದು ಬೆರಳಿಗೆ ಇಳಿಯುವುದಿಲ್ಲ.

ಪ್ರಶ್ನೆ: ಟ್ರಿಗರ್ ಒತ್ತಿದರೆ ಪಿನ್‌ಗಳನ್ನೆಲ್ಲ ಒಮ್ಮೆಗೇ ಕುಟ್ಟುವ ಪಿಕ್ ಗನ್?

ಬೇಡ.

ಪ್ರಶ್ನೆ: ಎಲ್ಲ ಬೀಗವನ್ನೂ ತೆರೆಯುವ ‘ಮಾಸ್ಟರ್ ಪಿಕ್’ ಇದೆ ಎಂದು ಜಾಹೀರಾತಿನಲ್ಲಿ ನೋಡಿದೆ. ನಿಜವೇ?

ಶುದ್ಧ ಮೋಸ. ಲಿವರ್ ಬೀಗಕ್ಕೆ ಬೇರೆ ಸಲಕರಣೆ, ಡಿಸ್ಕ್ ಬೀಗಕ್ಕೆ ಬೇರೆ. 1851ರ ಲಂಡನ್ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ದಶಕಗಳಿಂದ ಪಂದ್ಯಕ್ಕೆ ಇಟ್ಟಿದ್ದ ಬ್ರಾಮಾ ಕಂಪನಿಯ ಬೀಗವನ್ನು ತೆರೆದ. ಅದಕ್ಕೆ ಅವನಂಥವನಿಗೂ 16 ದಿನಗಳಲ್ಲಿ ಹಂಚಿದ 51 ಗಂಟೆ ಹಿಡಿಯಿತು, ಆ ಒಂದು ಬೀಗಕ್ಕೆಂದೇ ಸಲಕರಣೆ ಮಾಡಿಕೊಳ್ಳಬೇಕಾಯಿತು. ಜಾಹೀರಾತಿನವರು ಅವನಿಗಿಂತ ಜಾಣರೇ?

ಪ್ರಶ್ನೆ: ಮನೆಯ ಮುಂಬಾಗಿಲಿನ ಬೀಗದಲ್ಲೇ ಅಭ್ಯಾಸ ಮಾಡಬಹುದಲ್ಲ, ಅದು ನನ್ನದೇ ತಾನೇ?

ಬಳಕೆಯಲ್ಲಿರುವ ಬೀಗವನ್ನು ಮುಟ್ಟಬಾರದು, ನಿಮ್ಮದಾದರೂ. ತುದಿ ಮುರಿದು ಒಳಗೆ ಉಳಿದರೆ ಕೀಲಿಕೈಯೂ ಹೋಗುವುದಿಲ್ಲ. ಇನ್ನೊಬ್ಬರ ಬೀಗವನ್ನಂತೂ ಅವರ ಒಪ್ಪಿಗೆಯಿಲ್ಲದೆ ಮುಟ್ಟುವ ಮಾತೇ ಇಲ್ಲ. ಹವ್ಯಾಸಿಗಳ ಯಾವ ಕೂಟಕ್ಕೆ ಹೋದರೂ ಮೊದಲು ಹೇಳುವ ಎರಡು ನಿಯಮಗಳು ಇವೇ. ಜೊತೆಗಿರುವವರ ಕಪಾಟಿನ ಬೀಗದ ಬಗ್ಗೆ ‘ಸುಮ್ಮನೆ ಕುತೂಹಲಕ್ಕೆ’ ಕೇಳಿದ ಓದುಗರಿಗೆ ಬೇರೆ ಉತ್ತರವಿಲ್ಲ.

ಪ್ರಶ್ನೆ: ಪಿಕ್ಕನ್ನು ಸದಾ ಜೇಬಿನಲ್ಲಿ ಇಟ್ಟುಕೊಳ್ಳಬಹುದೇ? ಎಂದಾದರೂ ಮನೆಯ ಹೊರಗೆ ಸಿಕ್ಕಿಹಾಕಿಕೊಂಡರೆ ಬೇಕಾದೀತು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ 2003ರ ಕಾನೂನಿನ ಪ್ರಕಾರ ಸಕಾರಣವಿಲ್ಲದೆ ಇಂಥವನ್ನು ಹೊಂದಿರುವುದೇ ಅಪರಾಧ. ನಿಮ್ಮಲ್ಲಿ ಏನಿದೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಅನುಮತಿ ಇದ್ದರೂ ಮನೆಯಲ್ಲೇ ಇಡಿ ಎನ್ನುವವನು ನಾನು. ರಾತ್ರಿ ಹೊತ್ತು ಪೊಲೀಸರಿಗೆ ಹವ್ಯಾಸದ ವಿವರಣೆ ಕೊಡುವುದು ಸುಲಭವಲ್ಲ. ಹೊರಗೆ ಸಿಕ್ಕಿಹಾಕಿಕೊಳ್ಳುವ ಭಯವಿದ್ದರೆ ಇನ್ನೊಂದು ಕೀಲಿಕೈ ಮಾಡಿಸಿ ನಂಬಿಕಸ್ಥರ ಕೈಗೆ ಕೊಟ್ಟಿಡಿ.