ಓದುಗರ ಪ್ರಶ್ನೆ: ಜಾಗತೀಕರಣಕ್ಕೆ ವಯಸ್ಸೆಷ್ಟು?

ಪ್ರಶ್ನೆ: ಜಾಗತೀಕರಣ ಕೊಲಂಬಸ್‌ನಿಂದ ಶುರುವಾಯಿತು ಎಂದು ಒಂದು ಪುಸ್ತಕದಲ್ಲಿದೆ. ಇನ್ನೊಂದರಲ್ಲಿ 19ನೇ ಶತಮಾನ ಎಂದಿದೆ. ಟಿ.ವಿ. ಚರ್ಚೆಗಳಲ್ಲಿ 1990ರ ದಶಕ ಎನ್ನುತ್ತಾರೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?

ಮೂರೂ ತಪ್ಪಲ್ಲ, ಅಳೆಯುವ ಕೋಲು ಬೇರೆ ಬೇರೆ. ಯಾವ ಕೋಲಿನಿಂದ ಅಳೆದಿರಿ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಖಂಡಗಳ ನಡುವೆ ಸರಕು ನಿಲ್ಲದೆ ಓಡಾಡತೊಡಗಿದ್ದೇ ಆರಂಭ ಎನ್ನುವುದಾದರೆ 16ನೇ ಶತಮಾನ ಸರಿ. ಕೆಲವು ಇತಿಹಾಸಕಾರರು 1571 ಎಂದು ಇಸವಿಯನ್ನೇ ಹೇಳುತ್ತಾರೆ. ಸ್ಪೇನಿನವರು ಮನಿಲಾ ನಗರ ಕಟ್ಟಿದ ವರ್ಷ ಅದು. ಮನಿಲಾಕ್ಕೂ ಮೆಕ್ಸಿಕೊದ ಅಕಪುಲ್ಕೊಗೂ ನಡುವಿನ ಹಡಗು ಸಂಚಾರ 1815ರವರೆಗೆ ನಡೆಯಿತು. ಅಮೆರಿಕದ ಗಣಿಗಳ ಬೆಳ್ಳಿ ಚೀನಾಕ್ಕೆ ಹೋಯಿತು, ಚೀನಾದ ರೇಷ್ಮೆ ಅಮೆರಿಕಕ್ಕೆ ಬಂತು.

ಆದರೆ ಅರ್ಥಶಾಸ್ತ್ರದ ಕೋಲು ಇನ್ನೂ ಬಿಗಿ. ಒಂದು ಊರಿನ ಮಾರುಕಟ್ಟೆಯ ಬೆಲೆ ಸಮುದ್ರದಾಚೆಯ ಬೆಲೆಯನ್ನು ಎಳೆಯುತ್ತದೆಯೇ ಎಂದು ಅದು ಕೇಳುತ್ತದೆ. 1800ಕ್ಕೆ ಮುಂಚೆ ದೂರ ಸಾಗುತ್ತಿದ್ದದ್ದು ಹೆಚ್ಚಾಗಿ ತೂಕ ಕಡಿಮೆ, ಬೆಲೆ ಜಾಸ್ತಿ ಇರುವ ಸಾಂಬಾರ ಪದಾರ್ಥ, ರೇಷ್ಮೆಯಂಥವು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯಂಥ ಏಕಸ್ವಾಮ್ಯಗಳ ಲಾಭವೆಲ್ಲ ಕೊಳ್ಳುವ ಕಡೆಯ ಬೆಲೆಗೂ ಮಾರುವ ಕಡೆಯ ಬೆಲೆಗೂ ಇದ್ದ ಅಂತರದಲ್ಲೇ ಇತ್ತು. ಅದನ್ನು ಅವು ಕುಗ್ಗಲು ಬಿಡುತ್ತಿರಲಿಲ್ಲ. ಸರಕು ಓಡಾಡಿತು, ಮಾರುಕಟ್ಟೆಗಳು ಬೆಸೆಯಲಿಲ್ಲ. ನಮ್ಮ ಒಲವು ಈ ಎರಡನೇ ಕೋಲಿನ ಕಡೆಗೆ, ಅಂದರೆ 19ನೇ ಶತಮಾನದ ಕಡೆಗೆ. (1990ರ ದಶಕ ಎನ್ನುವವರು ನೋಡುವುದು ವಿಶ್ವ ವ್ಯಾಪಾರ ಸಂಸ್ಥೆಯನ್ನೂ ಹಲವು ಗಡಿ ದಾಟುವ ತಯಾರಿಕೆಯನ್ನೂ. ಅವು ಮುಂದೆ ಬರುತ್ತವೆ.)

ಅಂತರ ಅಳೆಯುವುದು ಕಷ್ಟವಲ್ಲ. ಒಂದೇ ದರ್ಜೆಯ ಸರಕು, ಒಂದೇ ತೂಕ, ಒಂದೇ ನಾಣ್ಯ, ಒಂದೇ ತಿಂಗಳು ನೋಡಿಕೊಳ್ಳಿ. ಹೆಚ್ಚಿನ ಬೆಲೆಯಿಂದ ಕಡಿಮೆ ಬೆಲೆ ಕಳೆದು, ಉಳಿದದ್ದನ್ನು ಕಡಿಮೆ ಬೆಲೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಅಮೆರಿಕದ ಷಿಕಾಗೊ ಮತ್ತು ಬ್ರಿಟನ್ನಿನ ಲಿವರ್‌ಪೂಲ್ ಗೋಧಿ ಬೆಲೆಗಳ ಅಂತರ ಹೀಗೆ ಲೆಕ್ಕ ಹಾಕಿದರೆ 1870ರಲ್ಲಿ ಸುಮಾರು ಶೇ 58, 1913ರಲ್ಲಿ ಸುಮಾರು ಶೇ 16. ದರ್ಜೆ ಬೆರೆತರೆ ಲೆಕ್ಕ ಕೆಡುತ್ತದೆ: ಗುಣಮಟ್ಟದ ವ್ಯತ್ಯಾಸವೇ ದೂರದ ವೆಚ್ಚದಂತೆ ಕಾಣುತ್ತದೆ.

ಅಂತರವನ್ನು ಕುಗ್ಗಿಸಿದ್ದು ಒಳನಾಡಿನ ರೈಲು, ಉಗಿಹಡಗು ಮತ್ತು 1866ರಲ್ಲಿ ಕೊನೆಗೂ ಬಾಳಿಕೆ ಬಂದ, ಅಟ್ಲಾಂಟಿಕ್ ಸಾಗರದಡಿಯ ಟೆಲಿಗ್ರಾಫ್ ತಂತಿ. (1858ರಲ್ಲಿ ಹಾಕಿದ್ದು ಕೆಲವೇ ವಾರಗಳಲ್ಲಿ ಸತ್ತಿತ್ತು.) ಬೇಡಿಕೆಯ ಸುದ್ದಿ ಹಡಗಿಗಿಂತ ಮುಂಚೆ ಮುಟ್ಟತೊಡಗಿತು. ಇಲ್ಲಿ ಬಹಳ ಮಂದಿ 1869ರ ಸೂಯೆಜ್ ಕಾಲುವೆಯನ್ನೂ ಕಾರಣವೆಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಷಿಕಾಗೊದ ಗೋಧಿ ಲಿವರ್‌ಪೂಲಿಗೆ ಆ ದಾರಿಯಲ್ಲಿ ಹೋಗುವುದೇ ಇಲ್ಲ!

ಪ್ರಶ್ನೆ: ಒಮ್ಮೆ ಬೆಸೆದ ಮಾರುಕಟ್ಟೆಗಳು ಮತ್ತೆ ಬಿಡಿಯಾಗಬಹುದೇ?

ಆಗಬಹುದು, ಆಗಿಯೂ ಇದೆ. ವಿರೋಧ ಹುಟ್ಟುವುದು ಬೆಲೆ ಇಳಿದು ಸೋತವರಿಂದ. ಅಗ್ಗದ ಗೋಧಿ ಬಂದಾಗ ಊಟ ಅಗ್ಗವಾಗಿ ಪಟ್ಟಣದ ಕೂಲಿಗಾರನಿಗೆ ಅನುಕೂಲವಾಯಿತು, ಯುರೋಪಿನ ಜಮೀನ್ದಾರನ ಗೇಣಿ ಬಿತ್ತು. ಜರ್ಮನಿ 1879ರಲ್ಲಿ, ಫ್ರಾನ್ಸ್ 1892ರಲ್ಲಿ ಸುಂಕ ಏರಿಸಿದವು. ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ಎಲ್ಲವನ್ನೂ 1914ರ ಯುದ್ಧದ ಮೇಲೆ ಹೊರಿಸುವುದು ವಾಡಿಕೆ, ಆದರೆ ಬಿರುಕು ಅದಕ್ಕೂ ಹಳೆಯದು.

1930ರಲ್ಲಿ ಅಮೆರಿಕದ ಸ್ಮೂಟ್–ಹಾಲಿ ಸುಂಕ ಕಾಯ್ದೆ ಬಂತು, ಉಳಿದ ದೇಶಗಳು ತಿರುಗೇಟು ಕೊಟ್ಟವು. 1929ರಿಂದ 1933ರೊಳಗೆ ವಿಶ್ವ ವ್ಯಾಪಾರದ ಮೌಲ್ಯ ಸುಮಾರು ಮೂರನೇ ಎರಡರಷ್ಟು ಕರಗಿತು. ಈ ಅಂಕಿಯನ್ನು ಎಚ್ಚರಿಕೆಯಿಂದ ಬಳಸಿ. ಆಗ ಬೆಲೆಗಳೇ ಬಿದ್ದಿದ್ದವು, ಸರಕಿನ ಪ್ರಮಾಣ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ವ್ಯಾಪಾರ ಕರಗಲು ಆಗಿನ ಜಾಗತಿಕ ಆರ್ಥಿಕ ಮಹಾ ಕುಸಿತವೇ ದೊಡ್ಡ ಕಾರಣ, ಸುಂಕ ಅದನ್ನು ಉಲ್ಬಣಿಸಿತು.

ಮತ್ತೆ ಹೊಲಿಗೆ ಹಾಕಿದ್ದು 1947ರ ಗ್ಯಾಟ್ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ). ಸಹಿ ಹಾಕಿದ್ದು 23 ದೇಶಗಳು. ಅದರ ಹೃದಯ ‘ಪರಮಾಪ್ತ ರಾಷ್ಟ್ರ’ ನಿಯಮ. ಹೆಸರು ಕೇಳಿದರೆ ಒಬ್ಬರಿಗೆ ವಿಶೇಷ ಮರ್ಯಾದೆ ಅನಿಸುತ್ತದೆ, ಅರ್ಥ ತದ್ವಿರುದ್ಧ: ಒಂದು ಸದಸ್ಯ ದೇಶಕ್ಕೆ ಕೊಟ್ಟ ಸುಂಕ ರಿಯಾಯಿತಿ ತಾನಾಗಿಯೇ ಎಲ್ಲ ಸದಸ್ಯರಿಗೂ ಸಿಗಬೇಕು. (ವ್ಯಾಪಾರ ಒಕ್ಕೂಟಗಳಿಗೆ ವಿನಾಯಿತಿ ಇದೆ.) ಗ್ಯಾಟ್‌ನಲ್ಲಿ ಒಂದು ತೂತಿತ್ತು. ಸದಸ್ಯ ದೇಶಗಳ ವ್ಯಾಪಾರ ಜಗಳದ ತೀರ್ಪು ಜಾರಿಯಾಗಲು ಸೋತ ದೇಶವೂ ಒಪ್ಪಬೇಕಿತ್ತು! 1995ರ ಜನವರಿ 1ರಂದು ಬಂದ ವಿಶ್ವ ವ್ಯಾಪಾರ ಸಂಸ್ಥೆ ಇದನ್ನು ತಿರುವುಮುರುವು ಮಾಡಿತು: ಎಲ್ಲರೂ ಸೇರಿ ಬೇಡವೆಂದರೆ ಮಾತ್ರ ತೀರ್ಪು ರದ್ದಾಗುತ್ತದೆ. ಆದರೆ ಅದರ ಮೇಲ್ಮನವಿ ಪೀಠದಲ್ಲಿ ಒಂದು ಪ್ರಕರಣ ಕೇಳಲು ಮೂವರು ಬೇಕು. ಅಮೆರಿಕ ಹೊಸ ನೇಮಕಗಳನ್ನು ತಡೆದದ್ದರಿಂದ 2019ರ ಡಿಸೆಂಬರ್‌ನಿಂದ ಅಷ್ಟು ಮಂದಿ ಇಲ್ಲ. ಸೋತವರು ಮೇಲ್ಮನವಿ ಹಾಕಿ ಸುಮ್ಮನೆ ಕೂತರೆ ಸಾಕು, ತೀರ್ಪು ತೂಗಾಡುತ್ತದೆ.

ಪ್ರಶ್ನೆ: ಕಂಟೇನರ್ ಎಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೇಕೆ ಇಷ್ಟು ಹೊಗಳಿಕೆ?

1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಹಡಗು 58 ಪೆಟ್ಟಿಗೆ ಹೊತ್ತು ಅಮೆರಿಕದ ನ್ಯೂಅರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ಕೂಲಿಗಳು ಬಿಡಿ ಮೂಟೆ ಹೇರಿದರೆ ಟನ್ನಿಗೆ ಸುಮಾರು 6 ಡಾಲರ್ ಬೀಳುತ್ತಿದ್ದದ್ದು 16 ಸೆಂಟಿನ ಆಸುಪಾಸಿಗೆ ಇಳಿಯಿತು. ಆದರೂ ಹೊಗಳಿಕೆ ಸಲ್ಲಬೇಕಾದದ್ದು ಪೆಟ್ಟಿಗೆಗಲ್ಲ, ಅಳತೆಗೆ. ಮೊದಲು ಒಂದೊಂದು ಕಂಪನಿಗೆ ಒಂದೊಂದು ಗಾತ್ರ, ಒಬ್ಬರ ಕ್ರೇನಿಗೆ ಇನ್ನೊಬ್ಬರ ಪೆಟ್ಟಿಗೆ ಸಿಗುತ್ತಿರಲಿಲ್ಲ. 8 ಅಡಿ ಅಗಲ, 20 ಅಥವಾ 40 ಅಡಿ ಉದ್ದ, ಎಂಟೂ ಮೂಲೆಯಲ್ಲಿ ಒಂದೇ ಬಗೆಯ ಕೊಂಡಿ ಎಂದು ಅಂತರರಾಷ್ಟ್ರೀಯ ಮಾನಕ ಬಂದ ಮೇಲಷ್ಟೇ ಲಾರಿ, ರೈಲು, ಹಡಗು ಒಂದೇ ಸರಪಳಿಯಾದವು.

ಪ್ರಶ್ನೆ: ಶೇ 5ರ ಸುಂಕಕ್ಕೆ ಉದ್ಯಮಿಗಳು ಇಷ್ಟೇಕೆ ಗೋಳಾಡುತ್ತಾರೆ?

ಇಂದಿನ ಸರಕು ಒಂದೇ ಗಡಿ ದಾಟುವುದಿಲ್ಲ. ನಾಲ್ಕು ದೇಶಗಳಲ್ಲಿ ಒಂದೊಂದು ಹಂತ, ಪ್ರತಿ ಹಂತದಲ್ಲಿ 25 ಡಾಲರ್ ಮೌಲ್ಯ ಸೇರುತ್ತದೆ, ಪ್ರತಿ ಗಡಿಯಲ್ಲೂ ಅದುವರೆಗಿನ ಇಡೀ ಬೆಲೆಯ ಮೇಲೆ ಶೇ 5 ಸುಂಕ ಎಂದುಕೊಳ್ಳಿ. ಮೊದಲ ಗಡಿ ದಾಟಿದಾಗ 26.25, ಎರಡನೆಯದು 53.81, ಮೂರನೆಯದು 82.75, ಕೊನೆಗೆ 113.14. ನೂರು ಡಾಲರ್ ಸರಕಿನ ಮೇಲೆ 13 ಡಾಲರ್ ಮೀರಿ ಸುಂಕ ಬಿತ್ತು, ಏಕೆಂದರೆ ಸುಂಕದ ಮೇಲೂ ಸುಂಕ ಬಿದ್ದಿದೆ. ಮರುರಫ್ತಿಗೆ ಸುಂಕ ವಾಪಸ್ ಕೊಡುವ ವ್ಯವಸ್ಥೆ ಇದ್ದರೆ ಈ ಹೊರೆ ಇಳಿಯುತ್ತದೆ.

ಯಾರ ರಫ್ತು ಎಷ್ಟು ಎಂಬ ಗೊಂದಲವೂ ಇಲ್ಲಿಂದಲೇ. 2009ರ ಐಫೋನ್ ಒಂದರ ತಯಾರಿಕಾ ವೆಚ್ಚ ಸುಮಾರು 179 ಡಾಲರ್, ಚೀನಾದಲ್ಲಿ ಜೋಡಿಸಿದ ಕೂಲಿ ಅದರಲ್ಲಿ ಸುಮಾರು 6.50 ಡಾಲರ್. ಕಸ್ಟಮ್ಸ್ ಪುಸ್ತಕದಲ್ಲಿ ಮಾತ್ರ ಇಡೀ 179 ಚೀನಾದ ರಫ್ತು.

ಪ್ರಶ್ನೆ: ಜಾಗತೀಕರಣ ಮುಗಿಯಿತು ಎಂಬ ಮಾತು ನಿಜವೇ?

ಆಮದು–ರಫ್ತು ಕೂಡಿಸಿ ಜಿಡಿಪಿಯಿಂದ ಭಾಗಿಸಿದರೆ ಜಗತ್ತಿನ ಅನುಪಾತ 1970ರಲ್ಲಿ ಸುಮಾರು ಶೇ 25, 2008ರಲ್ಲಿ ಸುಮಾರು ಶೇ 60. ಅಲ್ಲಿಂದೀಚೆಗೆ ಆ ಮಟ್ಟದ ಆಸುಪಾಸಿನಲ್ಲೇ ಏರಿಳಿತ. ಓಟ ನಿಂತಿದೆ, ಹಿಂದಕ್ಕೆ ಹೊರಟಿಲ್ಲ. ಈ ಅನುಪಾತ ಓದುವಾಗ ತೈಲ ಬೆಲೆ ನೋಡಿಕೊಳ್ಳಿ: ತೈಲ ದುಬಾರಿಯಾದ ವರ್ಷ ಪೀಪಾಯಿ ಒಂದೂ ಹೆಚ್ಚದಿದ್ದರೂ ಅನುಪಾತ ಉಬ್ಬುತ್ತದೆ. ಸಿಂಗಪುರದ್ದು ಶೇ 300 ದಾಟಿದ್ದು ಕಂಡರೆ ಮುದ್ರಣ ದೋಷ ಅಂದುಕೊಳ್ಳಬೇಡಿ. ವ್ಯಾಪಾರವನ್ನು ಸರಕಿನ ಇಡೀ ಬೆಲೆಯಲ್ಲಿ ಎಣಿಸುತ್ತಾರೆ, ಜಿಡಿಪಿಯಲ್ಲಿ ಅಲ್ಲಿ ಸೇರಿದ ಮೌಲ್ಯ ಮಾತ್ರ ಬರುತ್ತದೆ.